ಬೋರ್ಡು ಬೇಡ ಅಂದವರು

೧.

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಅಂಕಿ-ಅಂಶದಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಕಣ್ಣೀರಿನಿಂದ ಶುರು ಮಾಡಿದರೆ ಓದುತ್ತೀರಿ, ಆದರೆ ಕಥೆಯ ನಾಯಕಿ ಹೇಮಲತಾ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಎರಡು ಡ್ರಾಫ್ಟ್ ಹರಿದುಹಾಕಿದ ಮೇಲೆ ಬಸ್ಸಿನಿಂದ ಶುರು ಮಾಡೋಣ ಅನ್ನಿಸಿದೆ. ನಮ್ಮ ಕಡೆ ಬಸ್ಸಿಲ್ಲದೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ.

೨.

ಜಾವಗಲ್ಲಿನಿಂದ ಹಳೇಬೀಡಿಗೆ, ಅಲ್ಲಿ ಇಳಿದು ಹಾಸನದ ಬಸ್ಸು. ಹೇಮಲತಾ ಪ್ರತಿ ತಿಂಗಳೂ ಹೀಗೆ ಹೋಗುತ್ತಾರೆ. ಎಲ್ಲಿಗೆ ಎಂದು ಯಾರು ಕೇಳಿದರೂ ಉತ್ತರ ಒಂದೇ: "ಜಿಲ್ಲಾ ಪಂಚಾಯಿತೀಲಿ ಮೀಟಿಂಗು." ಗ್ರಾಮ ಪಂಚಾಯಿತಿ ಅಧ್ಯಕ್ಷರಾದ ಮೇಲೆ ಈ ಸುಳ್ಳು ಸಲೀಸಾಗಿದೆ. ಹೋಗುವುದು ಆಸ್ಪತ್ರೆಗೆ, ಎಚ್‌ಐವಿ ಮಾತ್ರೆ ತರಲು.

ಅರಸೀಕೆರೆಯಲ್ಲೂ ಮಾತ್ರೆ ಸಿಗುತ್ತದೆ. ಆದರೆ ಅಲ್ಲಿ ಕೊಬ್ಬರಿ ಮಾರ್ಕೆಟ್ಟಿದೆ, ಹೇಮಲತಾ ಅವರದು ಕೊಬ್ಬರಿ ವ್ಯಾಪಾರದ ಮನೆ, ಹೆಜ್ಜೆಗೊಬ್ಬ ನೆಂಟ ಸಿಗುತ್ತಾನೆ. ಇದು ಅವರೊಬ್ಬರ ಪಾಡಲ್ಲ. ಅರಸೀಕೆರೆಯವರು ಮಾತ್ರೆಗೆ ಹಾಸನಕ್ಕೆ ಹೋಗುತ್ತಾರೆ, ಹಾಸನದವರು ಅರಸೀಕೆರೆಗೆ ಬರುತ್ತಾರೆ. ದಾರಿಯಲ್ಲಿ ಎರಡೂ ಬಸ್ಸುಗಳು ಒಂದಕ್ಕೊಂದು ಹಾರ್ನ್ ಹೊಡೆದು ದಾಟುತ್ತವೆ. ಸರ್ಕಾರ ಮಾತ್ರೆ ಪುಕ್ಕಟೆ ಕೊಡುತ್ತದೆ, ಹೆಂಗಸರಿಗೆ ಬಸ್ಸನ್ನೂ ಪುಕ್ಕಟೆ ಮಾಡಿದೆ. ಮರ್ಯಾದೆಯನ್ನು ಮಾತ್ರ ಅವರವರೇ ನೋಡಿಕೊಳ್ಳಬೇಕು, ಅದಕ್ಕೇ ಇಷ್ಟೆಲ್ಲ ಸುತ್ತು.

೩.

(ಇಲ್ಲೊಂದು ಪ್ಯಾರಾ ಇತ್ತು. ಹೇಮಲತಾಗೆ ಕಾಯಿಲೆ ಹೇಗೆ ಬಂತು ಎಂದು ಸೊಗಸಾಗಿ ಬರೆದಿದ್ದೆ. ಅವರು ಓದಿದರು.

"ಇದ್ಯಾಕೆ?"

"ಓದೋರು ಕೇಳ್ತಾರೆ ಮೇಡಂ."

"ಶುಗರ್ ಬಂದೋರ್ನ ಹೆಂಗ್ ಬಂತು ಅಂತ ಕೇಳ್ತಾರೇನ್ರೀ? ಹೊಡೆದಾಕಿ."

ಹೊಡೆದುಹಾಕಿದ್ದೇನೆ.)

೪.

ಇನ್ನೊಬ್ಬರು ಕಮಲಾಕ್ಷಮ್ಮ. ಅದೇ ಜಾವಗಲ್ಲಿನವರು, ಸಂತೆಯಲ್ಲಿ ವೀಳ್ಯದೆಲೆ ಮಾರುತ್ತಾರೆ. ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಇವರಿಬ್ಬರೂ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಾರೆ. ಹಳೇಬೀಡಿನಲ್ಲಿ ಜಾವಗಲ್ ಬಸ್ಸು ಹತ್ತುವಾಗ ಒಬ್ಬರು ಮುಂದಿನ ಸೀಟಿಗೆ, ಒಬ್ಬರು ಹಿಂದಿನ ಸೀಟಿಗೆ. ಸಂತೆಯಲ್ಲಿ ಹೇಮಲತಾ ಎದುರು ಬಂದರೆ ಕಮಲಾಕ್ಷಮ್ಮ "ಎಷ್ಟು ಕಟ್ಟು ಬೇಕಿತ್ತು ಅಧ್ಯಕ್ಷರೇ?" ಎಂದು ಪರಿಚಯವೇ ಇಲ್ಲದವರಂತೆ ಕೇಳುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಬೆಂಚಿನ ಮೇಲೆ ಕೂತವರೆಲ್ಲ ಪಾಲಿಸುತ್ತಾರೆ.

ಈ ವರ್ಷ ಕಮಲಾಕ್ಷಮ್ಮನ ಮಂಡಿ ಹೋಯಿತು. ಎರಡು ಬಸ್ಸು ಹತ್ತಿಳಿಯಲಾಗದೆ ಮಾತ್ರೆ ತಪ್ಪಿಸಿದರು, ಸೊರಗಿದರು. ಒಂದು ದಿನ ಹೇಮಲತಾ ತಡೆಯಲಾರದೆ ಅವರ ಮನೆಗೇ ಹೋದರು.

"ಅಯ್ಯೋ, ಇಲ್ಲಿಗ್ಯಾಕ್ ಬಂದ್ರಿ? ಯಾರಾದ್ರೂ ನೋಡಿದ್ರೆ ನಿಮ್ ಗತಿ ಏನು?"

"ಮಾತ್ರೆ ಯಾಕ್ ಬಿಟ್ರಿ?"

"ಕಾಲೇ ಏಳಲ್ಲ ಕಣವ್ವ. ಊರಲ್ಲೇ ಸಿಕ್ಕಿದ್ರೆ ನುಂಗ್ತಿದ್ದೆ."

ಹೇಮಲತಾ ಒಂದೆರಡು ಸಲ ತಾವೇ ತಂದುಕೊಟ್ಟರು. ಆಮೇಲೆ, ರಕ್ತ ಪರೀಕ್ಷೆಗೆ ಆಕೆಯೇ ಬರಬೇಕು ಎಂದರು ಆಸ್ಪತ್ರೆಯವರು. ಅದೂ ಸರಿಯೇ. ಸುತ್ತಮುತ್ತ ಇನ್ನೆಷ್ಟು ಜನ ಹೀಗೆ ಮಾತ್ರೆ ಬಿಟ್ಟು ಕೂತಿದ್ದಾರೋ, ಎಲ್ಲರ ಮಾತ್ರೆಯನ್ನೂ ಒಬ್ಬರು ಬ್ಯಾಗಿನಲ್ಲಿ ಹೊರುವುದಕ್ಕಾಗುವುದಿಲ್ಲ. ಸರ್ಕಾರ ಅಂತ ಒಂದು ಇರುವುದು ಅದಕ್ಕೇ.

೫.

ಹೇಮಲತಾ ಸರ್ಕಾರದ ಬೆನ್ನುಬಿದ್ದರು. ಠರಾವು, ಮನವಿ, ಮೇಲಿಂದ ಮೇಲೆ ಫೋನು. ಶಾಸಕರೂ ಮನಸ್ಸಿಟ್ಟು ಓಡಾಡಿದರು, ಸುಳ್ಳು ಹೇಳಬಾರದು. (ಅವರನ್ನು ಖಳನಾಯಕ ಮಾಡಿಬಿಟ್ಟಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.) ಕೊನೆಗೆ ಆದೇಶ ಬಂತು: ಇನ್ನು ಮುಂದೆ ಊರಿನ ಆಸ್ಪತ್ರೆಯಲ್ಲೇ ಮಾತ್ರೆ.

ಶಾಸಕರಿಗೆ ಸಂಭ್ರಮವೋ ಸಂಭ್ರಮ. ತಾವೇ ಬೋರ್ಡು ಮಾಡಿಸಿಕೊಂಡು ಬಂದರು. ಕೆಂಪು ರಿಬ್ಬನ್ನಿನ ಚಿತ್ರ, ಪಕ್ಕದಲ್ಲಿ ಅವರ ನಗುಮುಖ, ಕೆಳಗೆ ದಪ್ಪಕ್ಷರದಲ್ಲಿ 'ಎಚ್‌ಐವಿ ಸೋಂಕಿತರಿಗೆ ಇಲ್ಲಿ ಮಾತ್ರೆ ಕೊಡಲಾಗುವುದು'. ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಓದಬಹುದು.

ಒಬ್ಬರೂ ಬರಲಿಲ್ಲ. ಕಮಲಾಕ್ಷಮ್ಮ ಕೋಲೂರಿಕೊಂಡು ಆ ಬೋರ್ಡಿನವರೆಗೆ ಬಂದು, ತಲೆಯೆತ್ತಿ ನೋಡಿ, ತಿರುಗಿ ಹೋದರು. ಹೇಮಲತಾ ಕೂಡ ಹಾಸನಕ್ಕೇ ಹೋದರು. ಜನ ಬಾರದಿದ್ದರೆ ಕೌಂಟರ್ ಮುಚ್ಚುತ್ತೇವೆ ಎಂದು ಮೇಲಿನಿಂದ ಫೋನು ಬಂತು.

೬.

ಪಂಚಾಯಿತಿಯಲ್ಲಿ ಸಭೆ. ಶಾಸಕರು, ಡಾಕ್ಟರು, ಸದಸ್ಯರು, ಕಾಫಿ, ಬೋಂಡ.

"ಬೋರ್ಡ್ ತೆಗೆಸಿ ಸಾರ್," ಎಂದರು ಹೇಮಲತಾ. "ಬಿಪಿ, ಶುಗರ್ ಮಾತ್ರೆ ಕೊಡೋ ಕಿಟಕೀಲೇ ಇದನ್ನೂ ಕೊಡ್ಲಿ. ಎಲ್ರಿಗೂ ಒಂದೇ ಸಾಲು."

"ಬೋರ್ಡ್ ಇಲ್ದಿದ್ರೆ ಜನಕ್ಕೆ ಹೆಂಗಮ್ಮ ಗೊತ್ತಾಗೋದು? ನಾಚ್ಕೆ ಬಿಡ್ರಪ್ಪ ಅಂತ ತಾನೇ ಸರ್ಕಾರ ಬಡ್ಕೊಳ್ತಿರೋದು?"

"ನಾಚ್ಕೆ ಬಿಡೋದು ಅವರವರ ಇಷ್ಟ ಸಾರ್. ಮಾತ್ರೆ ಬಿಟ್ರೆ ಸಾಯ್ತಾರೆ."

ಶಾಸಕರು ಬೋಂಡ ಕೆಳಗಿಟ್ಟರು. ಕೆಟ್ಟ ಮನಸ್ಸಿನಿಂದೇನೂ ಕೇಳಲಿಲ್ಲ.

"ಅಲ್ಲ ಅಧ್ಯಕ್ಷರೇ, ಇದ್ರಲ್ಲಿ ನಿಮಗ್ಯಾಕೆ ಇಷ್ಟೊಂದು ಮುತುವರ್ಜಿ?"

ಎಲ್ಲರೂ ಹೇಮಲತಾ ಕಡೆ ತಿರುಗಿದರು.

೭.

ಅಂತ್ಯ ಒಂದು. ಹೇಮಲತಾ ಎದ್ದು ನಿಂತು "ಯಾಕಂದ್ರೆ ನಾನೂ ಅದೇ ಮಾತ್ರೆ ನುಂಗ್ತೀನಿ" ಎನ್ನುತ್ತಾರೆ. ಮೌನ, ಆಮೇಲೆ ಚಪ್ಪಾಳೆ, ಶಾಸಕರ ಕಣ್ಣಲ್ಲಿ ನೀರು. ಬರೆದು ಅವರಿಗೇ ಓದಲು ಕೊಟ್ಟೆ.

"ಚಪ್ಪಾಳೆ ಆದ್ಮೇಲೆ ಮನೆಗ್ ಹೋಗ್ಬೇಕಾದೋಳು ನಾನು," ಎಂದರು ಹೇಮಲತಾ. "ನಮ್ಮತ್ತೆ ನನ್ ತಟ್ಟೆ ಬೇರೆ ಇಡ್ತಾರೆ. ನೀವ್ ಬಂದು ತೊಳೀತೀರಾ?"

ಅಂತ್ಯ ಎರಡು. ಅವರು ಸುಮ್ಮನೆ ಕೂರುತ್ತಾರೆ. ಕೌಂಟರ್ ಮುಚ್ಚುತ್ತದೆ. ಸಂತೆಯಲ್ಲಿ ಕಮಲಾಕ್ಷಮ್ಮ ಎಲೆ ಮಾರುವ ಜಾಗ ಖಾಲಿ.

"ಅವರನ್ನ ಸಾಯಿಸಿದ್ರೆ ನಿಮ್ ಕಥೇಲಿ ನಾನಿರಲ್ಲ."

"ಹಂಗಾದ್ರೆ ನಾನೇನ್ ಮಾಡ್ಲಿ ಮೇಡಂ? ಕ್ಲೈಮ್ಯಾಕ್ಸ್ ಬೇಕಲ್ಲ."

"ಮೊದ್ಲು ಇದನ್ ಹೇಳಿ. ನನ್ ವಿಷಯ ಓದೋರಿಗೆ ಹೇಳಿದ್ಯಾರು?"

"ನಾನೇ."

"ನನ್ ಕೇಳಿ ಹೇಳಿದ್ರಾ? ಒಪ್ಪಿಗೆ ಇಲ್ದೆ ಹೇಳಬಾರ್ದು ಅಂತ ಕಾನೂನೇ ಐತೆ ಕಣ್ರೀ. ಶಾಸಕರು ಆಸ್ಪತ್ರೆ ಮುಂದೆ ಬೋರ್ಡ್ ಹಾಕಿದ್ರು. ನೀವು ಹೆಸ್ರು, ಊರು, ಬಸ್ಸು ಎಲ್ಲಾ ಸೇರಿಸಿ ಹಾಕಿದ್ದೀರಿ."

ನನಗೆ ನಿಜಕ್ಕೂ ನಾಚಿಕೆಯಾಯಿತು.

೮.

ಆದ್ದರಿಂದ ಓದುಗರೇ, ಇವರ ಹೆಸರು ಹೇಮಲತಾ ಅಲ್ಲ. ಊರು ಜಾವಗಲ್ಲೂ ಅಲ್ಲ. ಕಣಕಟ್ಟೆ ಇರಬಹುದು, ಹಳೇಬೀಡೇ ಇರಬಹುದು. ಕೊಬ್ಬರಿ, ವೀಳ್ಯದೆಲೆ ಎರಡನ್ನೂ ನಾನು ಸೇರಿಸಿದ್ದು. ಶಾಸಕರ ಪ್ರಶ್ನೆಗೆ ಆಕೆ ಏನು ಹೇಳಿದರು ಎಂಬುದನ್ನು ಹೇಳುವ ಹಕ್ಕು ನನಗಿಲ್ಲ. ನಿಜ ಹೇಳಿದರೋ, ಸುಳ್ಳು ಹೇಳಿದರೋ, ಕಾಫಿ ಕುಡಿದು ಮಾತು ಮರೆಸಿದರೋ, ನೀವು ಏನು ಅಂದುಕೊಂಡರೂ ಅದು ನಿಮ್ಮ ಜವಾಬ್ದಾರಿ.

ಬೋರ್ಡು ಇಳಿದದ್ದನ್ನು ಮಾತ್ರ ನಾನು ನೋಡಿದ್ದೇನೆ. ಬೇಕಾದರೆ ಯಾವುದಾದರೊಂದು ಬೆಳಿಗ್ಗೆ ನೀವೂ ಹೋಗಿ ನೋಡಿ. ಶುಗರ್ ಮಾತ್ರೆಯ ಕಿಟಕಿಯ ಮುಂದೆ ಒಂದೇ ಉದ್ದನೆಯ ಸಾಲು. ನಾನು ಹೋದ ದಿನ ಅಲ್ಲಿ ಇಬ್ಬರು ಹೆಂಗಸರು ಊರವರೆಲ್ಲರ ಎದುರಿಗೇ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು. ಯಾರೆಂದು ನಾನು ಮುಖ ನೋಡಲಿಲ್ಲ.

ನಾನೂ ಆ ಸಾಲಿನಲ್ಲಿದ್ದೆ. ಯಾವ ಮಾತ್ರೆಗೆ ಎಂದು ನೀವು ಕೇಳಬಾರದು.