ಹತ್ತು ಲಕ್ಷದ ಒಂದು

ಒಂಬತ್ತೊಂಬತ್ಲೆ ಎಂಬತ್ತೊಂದು — ಮುಂದಿನ ಸೀಟಿನಲ್ಲಿ ತಾಯಿಯೊಬ್ಬಳು ಮಗಳಿಂದ ಮಗ್ಗಿ ಹೇಳಿಸುತ್ತಿದ್ದಾಳೆ, ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುತ್ತಿದೆ, ಆ ತಾಯಿಯ ದನಿ, ಒಂಬತ್ತನ್ನು ಹೀಗೆ ಒತ್ತಿ ಹೇಳುವ ದನಿ — ಭಾಗ್ಯಾ, ಕುರಿಗಾರ ಅಮಸಿದ್ದಪ್ಪನ ಮಗಳು, ತೊಂಬತ್ತೆಂಟನೆಯ ಇಸವಿ, ಹತ್ತನೆಯ ತರಗತಿ, ಎರಡನೆಯ ಬೆಂಚು. ಶಿವಯೋಗೆಪ್ಪ ಮಾಸ್ತರರು ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡರು, ನಿವೃತ್ತ ಗಣಿತ ಶಿಕ್ಷಕರು ಕಳ್ಳನ ಹಾಗೆ ಅಡಗುವುದೆಂದರೇನು, ಹೇಳಿಬಿಡಬೇಕು, ಟಿಕೆಟ್ ತೆಗೆಸಿದ್ದು ಹುನ್ನೂರಿಗೆ, ಅದು ಬಂದರೆ ಇವಳು ಇಳಿದುಬಿಡುತ್ತಾಳೆ, ತಪ್ಪು ನಂದಿತ್ತವಾ ಅಂದರೆ ಮುಗಿಯಿತು, ಹದಿನಾಲ್ಕು ವರ್ಷದಿಂದ ಹೇಳದೇ ಉಳಿದಿದೆ — ಹತ್ತು ಲಕ್ಷದ ಒಂದು, ಎರಡು ತುದಿಗೆ ಎರಡು ಒಂದು, ನಡುವೆ ಐದು ಸೊನ್ನೆ, ಹಿಂದಿನಿಂದ ಓದಿದರೂ ಅದೇ, ಸಾವಿರದ ವರ್ಗಕ್ಕೆ ಒಂದು ಕೂಡಿಸಿದ್ದು, ಅಂಕಿ ಕೂಡಿಸಿದರೆ ಎರಡು, ಹಾಗಾಗಿ ಮೂರರಿಂದ ಹೋಗದು, ಭಾಗಿಸಿ ನೋಡಿದರೆ ಏಳರಿಂದಲೂ ಹೋಗದು. ಅವತ್ತು ತರಗತಿಯಲ್ಲಿ ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯಗಳಿಂದ ಭಾಗಿಸಿ, ತೊಂಬತ್ತೇಳಕ್ಕೆ ಕೈ ತೊಳೆದುಕೊಂಡು, ಇದೂ ಅವಿಭಾಜ್ಯನ, ಯಾವುದರ್ಲೆನೂ ಭಾಗ ಹೋಗಂಗಿಲ್ಲ, ಬರಕೊಳ್ರಿ ಎಂದಿದ್ದರು. ವರ್ಗಮೂಲದವರೆಗೆ, ಅಂದರೆ ಸಾವಿರದವರೆಗೂ ನೋಡಬೇಕೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸೋಮಾರಿತನ, ಮೇಲೆ ಸೊಕ್ಕು. ತೊಂಬತ್ತೇಳರ ಮುಂದಿನ ಅವಿಭಾಜ್ಯವೇ ನೂರಾ ಒಂದು, ಇನ್ನೊಂದೇ ಒಂದು ಹೆಜ್ಜೆ ಇಟ್ಟಿದ್ದರೆ — ಇವಳು ಎದ್ದಳು, ಸರ್, ನೂರಾ ಒಂದರ್ಲೆ ಹೋಗತೈತ್ರಿ, ನಮ್ಮ ಬೀರಪ್ಪಗ ನೂರಾ ಒಂದು ಕಾಯಿ ಒಡಸ್ತೀವಲ್ರಿ, ಸುಮ್ನ ಅದರ್ಲೆ ಭಾಗಿಸಿ ನೋಡಿದ್ನಿರಿ — ಬೋರ್ಡಿಗೆ ಬಂದು ಒಂಬತ್ತು ಸಾವಿರದ ಒಂಬೈನೂರಾ ಒಂದು ಬರೆದು, ಕೆಳಗೆ ನೂರಾ ಒಂದು ಇಟ್ಟು ಗುಣಿಸಿದಳು, ಗೆರೆ ಎಳೆದಳು, ಕೂಡಿಸುವುದೊಂದೇ ಬಾಕಿ, ಅಷ್ಟರಲ್ಲಿ ಮಾಸ್ತರರ ಅಂಗೈ ಬೋರ್ಡಿನ ಮೇಲೆ, ಡಸ್ಟರ್ ಕೂಡ ಅಲ್ಲ, ಅಂಗೈ, ಒರೆಸಿಬಿಟ್ಟಿತು, ಕುರಿ ಎಣಸೂ ಲೆಕ್ಕ ಹಟ್ಟ್ಯಾಗ ಇಟ್ಕೋ, ಇಲ್ಲಿ ಬ್ಯಾಡ. ತರಗತಿಯೆಲ್ಲ ಗೊಳ್ಳೆಂದಿತು. ಸಂಜೆ ಮನೆಯಲ್ಲಿ ತಾವೇ ಭಾಗಿಸಿ ನೋಡಿದರು, ಶೇಷ ಸೊನ್ನೆ. ನಾಳೆ ಹೇಳಿದರಾಯಿತು ಎಂದುಕೊಂಡರು, ನಾಳೆ ಬಂದಾಗ ತ್ರಿಭುಜ ಶುರು ಮಾಡಿದರು, ನಾಚಿಕೆಯಾಗಬೇಕು, ಆಗುತ್ತಲೇ ಇದೆ.

ಹುನ್ನೂರ, ಹುನ್ನೂರ ಎಂದ ಕಂಡಕ್ಟರ್, ಅವಳು ಎದ್ದು ತಿರುಗಿದವಳೇ ನೋಡಿಬಿಟ್ಟಳು, ಅಯ್ಯ, ನಮಸ್ಕಾರ್ರಿ ಸರ್, ನಾ ಭಾಗ್ಯಾರಿ, ಆರಾಮ ಅದೀರಿಲ್ರಿ? ವೈಶಾಲಿ, ಕಾಲಿಗೆ ಬೀಳವಾ, ನನಗ ಗಣಿತ ಕಲಿಸಿದ ಸರ್ ಇವರು. ಈಗ, ಈಗಲೇ ಹೇಳಬೇಕು — ಭಾಗ್ಯಾ, ಅವತ್ತಿನ ಆ ಲೆಕ್ಕ ಐತೆಲ್ಲಾ — ಅವಳು ನಕ್ಕಳು, ಅದನ್ನ ಹೆಂಗ ಮರೀಲಿರಿ ಸರ್, ಎಲ್ಲಾರ ಮುಂದ ಶಾಣ್ಯಾತನ ಮಾಡಾಕ ಹೋಗಿದ್ನಿ, ಎಲ್ಲಿ ತಪ್ಪೀನಿ ಅನ್ನೂದು ಇವತ್ತಿಗೂ ಸಿಕ್ಕಿಲ್ರಿ, ಎಷ್ಟು ಸಲ ಗುಣಿಸಿದ್ರೂ ಅಷ್ಟ ಬರತೈತಿ, ಗಣಿತ ನನ್ನ ಕೈಲೆ ಆಗೂದಲ್ಲ ಅಂತ ಅವತ್ತ ಬಿಟ್ಟಬಿಟ್ನಿರಿ. ಎಷ್ಟು ಸಲ ಗುಣಿಸಿದರೂ ಅಷ್ಟೇ! ತನ್ನ ಕೈಯನ್ನು ನಂಬಲಿಲ್ಲ ಹುಡುಗಿ, ಇವರನ್ನು ನಂಬಿದಳು, ಬಾಯಿ ತೆರೆದರು, ಬಂದದ್ದು ಹೂಂ, ಬರೀ ಹೂಂ. ಮಗು ಕಾಲು ಮುಟ್ಟಿತು, ಇಬ್ಬರೂ ಇಳಿದರು, ಕಂಡಕ್ಟರ್ ಸೀಟಿ ಊದಿದ, ಇಳಿಯಬಹುದು, ಇನ್ನೂ ಕೂಗಬಹುದು, ಬಸ್ಸು ಹೊರಟಿತು, ಕಿಟಕಿಯಾಚೆ ಅವಳು ಕೈ ಬೀಸುತ್ತಿದ್ದಾಳೆ, ಅಲ್ಲ, ಬೋರ್ಡಿನ ಮೇಲೆ ಬರೆಯುತ್ತಿದ್ದಾಳೆ, ಗೆರೆ ಎಳೆದು ಕೂಡಿಸಲು ಚಾಕ್‌ಪೀಸ್ ಎತ್ತಿದ್ದಾಳೆ, ಗೆರೆಯ ಕೆಳಗೆ, ಕಿಟಕಿಯ ಗಾಜಿಗೆ ಒತ್ತಿದ ಇವರ ಅಂಗೈ — ಬೆಳ್ಳಗೆ, ಐದು ಬೆರಳು ಅಗಲಿಸಿಕೊಂಡು, ಅಂಗೈ —