ಅವ್ವನ ಸೆರಗಿನ ಗಂಟು

ಆ ಕಿರುಚಿತ್ರಕ್ಕೆ ಬಟ್ಟೆ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿದ್ದು ಚಿಕ್ಕಹನುಮಂತಪ್ಪನವರಿಂದ. ಜಗಳೂರಿನ ಅವರ ಟೈಲರ್ ಅಂಗಡಿಯಲ್ಲಿ ನಾನು ಕಾಜಾ, ಗುಂಡಿ ಹಾಕುತ್ತಿದ್ದೆ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಎಂಬತ್ತೈದರ ಬೇಸಿಗೆಯಲ್ಲಿ ಶಿವಮೊಗ್ಗ ಕಡೆಯ ಐದಾರು ಜನ ಕ್ಯಾಮೆರಾ ಹಿಡಿದು ಬಂದು, ಇಪ್ಪತ್ತು ನಿಮಿಷದ ಚಿತ್ರ ತೆಗೆಯುತ್ತೇವೆ, ಬಟ್ಟೆ ಹೊಂದಿಸುವವರು ಬೇಕು ಎಂದರು. ಯಜಮಾನರು ನನ್ನ ಕಡೆ ಕೈ ಮಾಡಿ, “ಇವಳು ಮಾತಾಡಲ್ಲ, ಆದ್ರೆ ಕಂಡಿದ್ದು ಮರೆಯಲ್ಲ. ಕರ್ಕೊಂಡು ಹೋಗ್ರಿ” ಅಂದರು.

ಕೂಲಿ ಹೆಂಗಸಿನ ಪಾತ್ರಕ್ಕೆ ಹಳೆಯ ಸೀರೆ ಬೇಕಿತ್ತು. ಕೇಳಿದ ಮನೆಯವರೆಲ್ಲ ಪೆಟ್ಟಿಗೆಯೊಳಗಿನ ಒಳ್ಳೆಯ ಸೀರೆಯನ್ನೇ ತೆಗೆದುಕೊಟ್ಟರು. ತಮ್ಮ ಹರಕು ಸೀರೆ ಸಿನಿಮಾದಲ್ಲಿ ಕಂಡರೆ ಮಾನ ಹೋಗುತ್ತದೆ ಅಂತ. ಪಕ್ಕದ ಮನೆಯ ಚೌಡಮ್ಮನಂತೂ ಮಗಳ ಧಾರೆ ಸೀರೆಗೆ ಇಸ್ತ್ರಿ ಮಾಡಿಸಿ ಕಳಿಸಿದ್ದಳು. ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕೂತರು.

ನನ್ನ ಹತ್ತಿರ ಒಂದು ಇತ್ತು. ಹಿಂದಿನ ಶ್ರಾವಣದಲ್ಲಿ ಅವ್ವ ಸತ್ತಾಗ, ಸತ್ತವರ ಬಟ್ಟೆ ಮನೆಯಲ್ಲಿರಬಾರದೆಂದು ದೊಡ್ಡಮ್ಮ ಎಲ್ಲವನ್ನೂ ಹೊರಗೆ ಹಾಕಿಸಿದ್ದಳು. ಹಸಿರು ನೂಲಿನ ಸೀರೆಯೊಂದನ್ನು ನಾನು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಿದ್ದೆ. ಅದರ ಸೆರಗಿನ ತುದಿಗೆ ಅವ್ವ ಹಾಕಿದ ಗಂಟು ಹಾಗೆಯೇ ಇತ್ತು. ಹಿಚುಕಿದರೆ ಒಳಗೆ ಏನೋ ಗಟ್ಟಿಯಾಗಿ ಸಿಗುತ್ತಿತ್ತು. ಬಿಚ್ಚಿರಲಿಲ್ಲ. ಅವ್ವನ ಬೆರಳು ಮಾಡಿದ ಕೆಲಸಗಳಲ್ಲಿ ಉಳಿದದ್ದು ಅದೊಂದೇ.

ಕೊಡಬಾರದಿತ್ತು. ಆದರೆ ಆ ಸೀರೆ ಇನ್ನೊಮ್ಮೆ ಯಾರದಾದರೂ ಮೈಮೇಲೆ ನಡೆದಾಡುವುದನ್ನು ನೋಡಬೇಕೆನಿಸಿತು.

ಪಾತ್ರ ಮಾಡುವವರು ನಾಟಕ ಕಂಪನಿಯ ಸಿದ್ದಲಿಂಗಮ್ಮ. ಸೀರೆ ಯಾರದು ಎಂದು ಮೊದಲೇ ಕೇಳಿದರು. ಸತ್ತವರದೆಂದರೆ ಮುಟ್ಟುವುದೂ ಇಲ್ಲವೆಂದು ಗೊತ್ತಿತ್ತು. ನಮ್ಮವ್ವನದು, ಅವಳು ತವರಿಗೆ ಹೊನ್ನಾಳಿಗೆ ಹೋಗಿದ್ದಾಳೆ ಎಂದುಬಿಟ್ಟೆ. ಗಂಟು ಮಾತ್ರ ಬಿಚ್ಚಬೇಡಿರೆಂದೆ. ಆಗಲಿ ಎಂದರು.

ಮೊದಲ ದಿನ ಅವರು ಸೌದೆ ಹೊತ್ತು ಬಾವಿಯ ದಾರಿಯಲ್ಲಿ ನಡೆದರು. ಹಿಂದಿನಿಂದ ಅವ್ವನೇ. ನಾನು ಬೇಲಿಯ ಮರೆಗೆ ಹೋಗಿ ನಿಂತೆ. ನಿರ್ದೇಶಕರು ಕ್ಯಾಮೆರಾವನ್ನು ಹತ್ತಿರ ತರಿಸಿ ಸೆರಗಿನ ಗಂಟನ್ನೇ ಚಿತ್ರಿಸಿಕೊಂಡರು. ಸೀರೆ ಒಗೆಯಬೇಡ, ಒಂದು ಮಡಿಕೆಯೂ ಬದಲಾಗಬಾರದು, ಇವತ್ತು ಹೇಗಿದೆಯೋ ನಾಳೆಯೂ ಹಾಗೇ ಕಾಣಬೇಕು ಎಂದು ನನಗೆ ಹೇಳಿದರು.

ಮಾರನೆಯ ದಿನ ಬಸ್ಸಿನ ದೃಶ್ಯ. ಆ ಗಂಟನ್ನೇ ಬಿಚ್ಚಿ, ಒಳಗಿನಿಂದ ನಾಣ್ಯ ತೆಗೆದು ಕಂಡಕ್ಟರಿಗೆ ಕೊಡಲಿ ಎಂದು ನಿರ್ದೇಶಕರಿಗೆ ಅಲ್ಲಿಯೇ ಹೊಳೆಯಿತು. ನಾನು ಎರಡು ಹೆಜ್ಜೆ ಮುಂದೆ ಹೋದೆ.

“ಆ ಗಂಟು ಬ್ಯಾಡ್ರಿ.”

“ಯಾಕಮ್ಮ?” ಅಂದರು.

ಕಾರಣ ಹೇಳಿದರೆ ಸಿದ್ದಲಿಂಗಮ್ಮ ಸೀರೆ ಬಿಚ್ಚಿ ಎಸೆಯುತ್ತಾರೆ, ನಿನ್ನೆ ತೆಗೆದದ್ದೆಲ್ಲ ಹಾಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನಿಲ್ಲವೆಂದು ತಲೆ ಆಡಿಸಿದೆ.

ಅಷ್ಟರಲ್ಲಿ ಸಿದ್ದಲಿಂಗಮ್ಮ ನಾಣ್ಯ ಇಡಲೆಂದು ಗಂಟಿಗೆ ಹಲ್ಲು ಹಾಕಿದ್ದರು. “ಗಂಟೋ ಬೀಗವೋ ಇದು? ನಿಮ್ಮವ್ವ ಭಾಳ ಜಿಪುಣಿ ಇರಬೇಕು ಕಣೇ.” ಎಲ್ಲರೂ ನಕ್ಕರು. ಗಂಟು ಬಿಚ್ಚಿಕೊಂಡಿತು.

ಎರಡು ಅಡಿಕೆ ಚೂರು. ಅಷ್ಟೇ. ಅಷ್ಟು ತಿಂಗಳು ಅದರಲ್ಲಿ ನನಗೆಂದು ಏನೋ ಇಟ್ಟಿರಬಹುದು ಅಂದುಕೊಂಡಿದ್ದೆ.

“ಅಡಿಕೆ ಐತಲ್ಲೇ,” ಎಂದು ಅವರು ಎರಡನ್ನೂ ಬಾಯಿಗೆ ಹಾಕಿಕೊಂಡರು. ಅವರ ದವಡೆ ಆಡುವುದನ್ನೇ ನೋಡುತ್ತ ನಿಂತೆ. “ಮುಖ ಯಾಕೆ ಹಂಗೆ ಮಾಡ್ತೀಯಾ? ನಿಮ್ಮವ್ವ ಬಂದ್ಮೇಲೆ ಇನ್ನೊಂದು ಗಂಟು ಹಾಕ್ಕೋತಾಳೆ ಬಿಡು.”

ದೃಶ್ಯ ಒಂದೇ ಸಲಕ್ಕೆ ಸರಿಬರಲಿಲ್ಲ. ಒಮ್ಮೆ ಕಂಡಕ್ಟರ್ ನಕ್ಕ, ಒಮ್ಮೆ ನಾಣ್ಯ ಬಿತ್ತು. ಪ್ರತಿ ಸಲ ನಾಣ್ಯ ಇಟ್ಟು ಗಂಟು ಹಾಕುವುದು ನನ್ನ ಕೆಲಸ. ಮೊದಲ ಸಲ ಹಾಕಿದ್ದು ದಪ್ಪವಾಯಿತು, ನಿನ್ನೆಯದು ಸಣ್ಣದಿತ್ತಲ್ಲ ಎಂದು ನಿರ್ದೇಶಕರು ಬೇಸರ ಮಾಡಿಕೊಂಡರು. ಅವ್ವ ಹೇಗೆ ಹಾಕುತ್ತಿದ್ದಳೆಂದು ನೆನಪು ಮಾಡಿಕೊಂಡೆ. ಸೆರಗಿನ ತುದಿಯನ್ನು ಹೊಸೆದು, ತೋರುಬೆರಳಿಗೆ ಎರಡು ಸುತ್ತು ಸುತ್ತಿ, ಎಡಗೈ ಹೆಬ್ಬೆರಳಿನಿಂದ ಅದುಮಿ, ಹಲ್ಲಿನಿಂದ ಎಳೆಯುತ್ತಿದ್ದಳು. ಹಾಗೆಯೇ ಮಾಡಿದೆ. “ಹ್ಞಾ, ಇದೇ ನೋಡು,” ಅಂದರು ಅವರು. ಏಳು ಸಲ ಹಾಕಿದೆ. ಏಳನೆಯ ಸಲ ಹಾಕಿದ ಗಂಟನ್ನೂ ಅವ್ವನ ಗಂಟನ್ನೂ ಅಕ್ಕಪಕ್ಕ ಇಟ್ಟಿದ್ದರೆ ಯಾವುದು ಯಾವುದೆಂದು ನನಗೇ ಹೇಳಲಾಗುತ್ತಿರಲಿಲ್ಲ.

ಸಂಜೆ ಸಿದ್ದಲಿಂಗಮ್ಮ ಸೀರೆಯನ್ನು ತಾವೇ ಮಡಚಿ ತಂದರು. ಮುಂದಿನ ವಾರ ಅವರ ನಾಟಕ ಹೊನ್ನಾಳಿಯಲ್ಲೇ ಇತ್ತು. ಅವ್ವನನ್ನು ಕಂಡು ಮಾತಾಡಿಸಿ ಬರುತ್ತೇನೆ, ಯಾವ ಓಣಿ ಎಂದು ಕೇಳಿದರು.

“ಅವ್ವ ಇಲ್ರೀ. ಹೋದ ಶ್ರಾವಣದಾಗೆ ತೀರ್ಕೊಂಡ್ಳು.”

ಬೈಯುತ್ತಾರೆಂದು ಕಾದೆ. ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು.

“ನಾನು ಬಿಚ್ಚಾಕೆ ಹೋದಾಗ ನೀನು ಅಲ್ಲೇ ನಿಂತಿದ್ದೆಯಲ್ಲೇ, ನನ್ನ ಕಂದ. ನನ್ನ ಕೈ ಹಿಡ್ಕೋಬಾರದಾಗಿತ್ತಾ?”

ಸೀರೆ ಇಸಿದುಕೊಂಡು ಮನೆಗೆ ಬಂದೆ.

ಚಿತ್ರ ಮುಗಿದ ಮೇಲೆ ಜಗಳೂರಿನಲ್ಲೂ ತೋರಿಸುತ್ತೇವೆ ಎಂದು ಹೇಳಿ ಹೋಗಿದ್ದರು. ಎರಡು ವರ್ಷ ಯಜಮಾನರ ಕೈಯಲ್ಲಿ ಕಾಗದ ಬರೆಸಿದೆ. ಉತ್ತರ ಬರಲಿಲ್ಲ. ಬಸ್ಸಿನ ದೃಶ್ಯದಲ್ಲಿರುವುದು ನಾನು ಹಾಕಿದ ಗಂಟು. ಮೊದಲ ದಿನ ಬಾವಿಯ ದಾರಿಯಲ್ಲಿ ಹತ್ತಿರದಿಂದ ತೆಗೆದದ್ದು ಅವ್ವನದು. ಆ ರೀಲು ಈಗ ಯಾರ ಮನೆಯಲ್ಲಿದೆಯೋ.