ದಿನಕ್ಕೊಂದು ತಾಸು ಆಟ

ಶಾಲೆಯ ಆಟದ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಹೆಸರು ಸೀಟಿ ಮೇಷ್ಟ್ರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ಊದಿದ ಸೀಟಿಗಿಂತ ಬಿಟ್ಟುಕೊಟ್ಟ ಪೀರಿಯಡ್ಡುಗಳೇ ಹೆಚ್ಚು. ಗಣಿತದ ಪಾಠ ಹಿಂದೆ ಬಿದ್ದರೆ ಆಟದ ಪೀರಿಯಡ್ಡು, ವಿಜ್ಞಾನದ ಪರೀಕ್ಷೆ ಹತ್ತಿರ ಬಂದರೆ ಆಟದ ಪೀರಿಯಡ್ಡು, ಯಾರೋ ಬಂದು ಮಕ್ಕಳ ಹಲ್ಲು ನೋಡಬೇಕೆಂದರೂ ಆಟದ ಪೀರಿಯಡ್ಡೇ. ಯಾರು ಕೇಳಿದರೂ “ಆಯ್ತು, ತಗೊಳ್ಳಿ” ಎನ್ನುವುದು ಅವರ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ವಾರಕ್ಕೆ ಒಂದೋ ಎರಡೋ ಪೀರಿಯಡ್ಡು ಹೇಗೋ ಉಳಿದುಕೊಂಡರೆ, ಮಕ್ಕಳನ್ನು ಮೈದಾನಕ್ಕೆ ಬಿಟ್ಟು, ಗಾಳಿ ಹೋದ ಚೆಂಡಿಗೆ ಪಂಪು ಹೊಡೆಯುತ್ತ ಮರದ ಬುಡದಲ್ಲಿ ಕೂರುತ್ತಿದ್ದರು. ಅವರ ಸುಖ ಅಷ್ಟೇ.

ಹೀಗಿರುವಾಗ ಸರ್ಕಾರಕ್ಕೆ ಮಕ್ಕಳ ಆರೋಗ್ಯ ನೆನಪಾಯಿತು.

ಮಕ್ಕಳು ಕೂತಲ್ಲೇ ಕೂತು ಮೈ ಬೆಳೆಸುತ್ತಿದ್ದಾರೆ, ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ, ಇನ್ನು ಮುಂದೆ ಪ್ರತಿ ಮಗುವೂ ದಿನಕ್ಕೊಂದು ತಾಸು ಆಡಲೇಬೇಕು ಎಂದು ಸುತ್ತೋಲೆ ಬಂತು. ಅಭಿಯಾನಕ್ಕೆ ‘ದಿನಕ್ಕೊಂದು ತಾಸು, ಮೈಗೆ ಹುಮ್ಮಸ್ಸು’ ಎಂಬ ಪ್ರಾಸಬದ್ಧ ಹೆಸರೂ ಇತ್ತು. ಮೈದಾನ ದೊಡ್ಡದೆಂಬ ಕಾರಣಕ್ಕೆ ಉದ್ಘಾಟನೆಗೆ ಇದೇ ಶಾಲೆ ಆಯ್ಕೆಯಾಗಿತ್ತು. ಮುಖ್ಯೋಪಾಧ್ಯಾಯಿನಿ ಆ ಪತ್ರವನ್ನು ಸಿಬ್ಬಂದಿಯ ಕೋಣೆಯಲ್ಲಿ ಎರಡು ಸಲ ಓದಿದರು. ಸೀಟಿ ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಕೊನೆಗೂ ನನ್ನ ಕಾಲ ಬಂತು ಎಂದುಕೊಂಡರು, ಪಾಪ.

ಮರುವಾರದಿಂದಲೇ ಶಾಲೆಯಲ್ಲಿ ಆಟ ನಿಂತಿತು.

ಉದ್ಘಾಟನೆಯವರೆಗೆ ಹುಲ್ಲು ಹಸಿರಾಗಿರಬೇಕೆಂದು ಮೈದಾನಕ್ಕೆ ಸುತ್ತಲೂ ಹಗ್ಗ ಕಟ್ಟಿದರು. ಆಟದಿಂದಾಗುವ ಲಾಭಗಳನ್ನು ತಿಳಿಸುವ ಆರು ಸಾವಿರ ಕಿರುಹೊತ್ತಗೆಗಳು ಲಾರಿಯಲ್ಲಿ ಬಂದವು. ಬೇರೆ ಜಾಗವಿಲ್ಲದೆ ಅವನ್ನು ಆಟದ ಸಾಮಾನಿನ ಕೋಣೆಯಲ್ಲಿ ಸೂರಿನವರೆಗೆ ಒಟ್ಟಿದರು. ಚೆಂಡು, ಹಗ್ಗ, ರಿಂಗುಗಳೆಲ್ಲ ಅವುಗಳ ಹಿಂದೆ ಸಮಾಧಿಯಾದವು. ಆಟದ ಪೀರಿಯಡ್ಡಿನಲ್ಲಿ ‘ಆಟದ ಮಹತ್ವ’ ಕುರಿತು ಪ್ರಬಂಧ ಸ್ಪರ್ಧೆ ನಡೆಯಿತು. ಒಂದು ಮಗು ‘ಆಟ ಎಂದರೆ ನಾವು ಮುಂಚೆ ಆಡುತ್ತಿದ್ದದ್ದು’ ಎಂದು ಶುರುಮಾಡಿತ್ತು. ವಿಷಯಾಂತರವೆಂದು ಅದಕ್ಕೆ ಬಹುಮಾನ ಬರಲಿಲ್ಲ.

ಇದರ ಮೇಲೆ ಪ್ರತಿದಿನ ಮಕ್ಕಳು ಆಡುತ್ತಿರುವ ಫೋಟೋ ಕಳಿಸಬೇಕಿತ್ತು. ಆಡಲು ಜಾಗವಿಲ್ಲ ಎಂದು ಮೇಷ್ಟ್ರು ತಲೆ ಕೆರೆದುಕೊಂಡಾಗ ಮುಖ್ಯೋಪಾಧ್ಯಾಯಿನಿಯೇ ದಾರಿ ತೋರಿಸಿದರು. ಹತ್ತು ಮಕ್ಕಳನ್ನು ಕಾರಿಡಾರಿಗೆ ಕರೆದು, ಒಬ್ಬರ ಕೈಗೆ ಬ್ಯಾಟು ಕೊಟ್ಟು, ಉಳಿದವರಿಗೆ ಕೈ ಮೇಲೆತ್ತಿ ನಗಲು ಹೇಳಿ, ಒಂದು ಫೋಟೋ ಹೊಡೆದು ವಾಪಸು ತರಗತಿಗೆ ಕಳಿಸುವುದು. ಮೇಷ್ಟ್ರು ಎಂದಿನಂತೆ “ಆಯ್ತು” ಎಂದರು. ಅವರ ಮೊಬೈಲಿನ ಪ್ರಕಾರ ಆ ತಿಂಗಳು ಶಾಲೆಯಲ್ಲಿ ಆಡದ ಮಗುವೇ ಇರಲಿಲ್ಲ.

ಐದನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ನಿಂತಲ್ಲಿ ನಿಲ್ಲದ ಅವಳನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ಕಾರಿಡಾರಿನಲ್ಲಿ ಓಡಿದ್ದಕ್ಕೆ ಆ ವರ್ಷವೇ ಹನ್ನೊಂದು ಸಲ ತರಗತಿಯ ಹೊರಗೆ ನಿಂತಿದ್ದಳು. ಅಭಿಯಾನದ ಫೋಟೋಗ್ರಾಫರ್ ಬಂದ ದಿನ ಅವಳು ನೀರಿನ ನಲ್ಲಿಯತ್ತ ಜಡೆ ಹಾರಿಸಿಕೊಂಡು ಓಡುತ್ತಿದ್ದಳು, ಅವನು ಕ್ಲಿಕ್ಕಿಸಿಬಿಟ್ಟ. ಹತ್ತು ದಿನದಲ್ಲಿ ಅವಳ ಚಿತ್ರ ಬಸ್ಸುಗಳ ಬೆನ್ನ ಮೇಲೆ, ಆಸ್ಪತ್ರೆಯ ಗೋಡೆಯ ಮೇಲೆ, ಕೊನೆಗೆ ಐಸ್‌ಕ್ರೀಮ್ ಅಂಗಡಿಯ ಬಾಗಿಲ ಮೇಲೂ ಕಾಣಿಸಿಕೊಂಡಿತು.

ಅಭಿಯಾನದ ಮುಖವೇ ಆದಮೇಲೆ ಆ ಮುಖವನ್ನು ಕಾಪಾಡಬೇಡವೇ? ಉದ್ಘಾಟನೆಯ ದಿನ ಪಂಜು ಹಿಡಿದು ಗೇಟಿನ ಕಡೆಯಿಂದ ವೇದಿಕೆಗೆ ಓಡಬೇಕಾದವಳೇ ಅವಳು. ಬಿದ್ದು ಗಿದ್ದು ಮಂಡಿ ತರಚಿಕೊಂಡರೆ ಕ್ಯಾಮೆರಾ ಮುಂದೆ ಏನು ತೋರಿಸುವುದು? ಆದ್ದರಿಂದ ಅಲ್ಲಿಯವರೆಗೆ ಅವಳು ಓಡಕೂಡದೆಂದು ಅಪ್ಪಣೆಯಾಯಿತು. ವಿರಾಮದಲ್ಲಿ ಅವಳನ್ನು ಆಫೀಸಿನಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಬಟ್ಟೆ ಹೊಲಿಯುವ ಕೆಲಸದ ಅವಳ ತಾಯಿಗೆ ವಿಷಯ ತಿಳಿದಾಗ ಹಿಡಿಸಲಾರದಷ್ಟು ಖುಷಿ. ನಾನು ಒಂಬತ್ತು ವರ್ಷ ಹೇಳಿ ಹೇಳಿ ಸೋತದ್ದನ್ನು ಸರ್ಕಾರ ಒಂದೇ ಫೋಟೋದಲ್ಲಿ ಮಾಡಿ ತೋರಿಸಿತು ಎಂದು ಅಂಗಡಿಯಲ್ಲೆಲ್ಲ ಹೇಳಿಕೊಂಡಳು.

ಒಂದು ದಿನ ಮೇಷ್ಟ್ರು ಹಾಜರಿ ಪುಸ್ತಕ ಇಡಲು ಆಫೀಸಿಗೆ ಹೋದಾಗ ಪಾದರಸ ಕುರ್ಚಿಯಲ್ಲಿ ಕಾಲು ಜೋತುಬಿಟ್ಟು ಕೂತಿದ್ದಳು.

“ಮೇಷ್ಟ್ರೇ, ಫೋಟೋದಲ್ಲಿರೋಳು ಓಡಬಹುದು, ನಾನ್ಯಾಕೆ ಓಡಬಾರ್ದು?”

“ಕಾರ್ಯಕ್ರಮ ಮುಗೀಲಿ ಪುಟ್ಟಿ. ಇನ್ನೊಂದು ವಾರ” ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಉದ್ಘಾಟನೆಯ ದಿನ ಬೆಳಗ್ಗೆ ಎಂಟಕ್ಕೇ ಆರುನೂರು ಮಕ್ಕಳಿಗೆ ಹೊಸ ಟೀ ಶರ್ಟು ತೊಡಿಸಿ, ಸಾಲು ಸಾಲಾಗಿ ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದಾಯಿತು. ಹತ್ತಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳು ಹತ್ತಕ್ಕೆ ಬರಲಿಲ್ಲ, ಹನ್ನೊಂದಕ್ಕೂ ಬರಲಿಲ್ಲ. ಯಾವ ಮಗುವೂ ಏಳದಂತೆ ನೋಡಿಕೊಳ್ಳುವ ಕೆಲಸ ಸೀಟಿ ಮೇಷ್ಟ್ರದು. ತಲೆಯೊಂದು ಮೇಲೆದ್ದರೆ ಸೀಟಿ, ತಲೆ ಕೆಳಗೆ. ಮೊದಲ ಸಾಲಿನಲ್ಲಿದ್ದ ಪಾದರಸ, ಕಾಲು ಜೋಮು ಹಿಡಿದಿದೆ, ಒಂದು ನಿಮಿಷ ಏಳುತ್ತೇನೆ ಎಂದು ಎರಡು ಸಲ ಕೇಳಿದಳು. ಅಭಿಯಾನದ ಅಧಿಕಾರಿ ವೇದಿಕೆಯ ಪಕ್ಕದಿಂದ ಬೆರಳಾಡಿಸಿದರು. ಎರಡು ಸಲವೂ ಮೇಷ್ಟ್ರು ಸ್ವಲ್ಪ ತಡೆದುಕೋ ಎಂದರು.

ಹನ್ನೊಂದೂಮುಕ್ಕಾಲಿಗೆ ಬಂದ ಅತಿಥಿಗಳು, ಈಗಿನ ಮಕ್ಕಳು ಕೂತ ಜಾಗ ಬಿಟ್ಟು ಏಳುವುದಿಲ್ಲ ಎಂಬ ವಿಷಯವಾಗಿ ನಲವತ್ತು ನಿಮಿಷ ಮಾತಾಡಿದರು. ಆಮೇಲೆ ಪಂಜಿನ ಓಟ ಎಂದು ಘೋಷಣೆಯಾಯಿತು. ಪಾದರಸಳನ್ನು ಎಬ್ಬಿಸಿ, ಗೇಟಿನತ್ತ ಎಳೆದುಕೊಂಡು ಹೋಗಿ, ಕಾಗದದ ಜ್ವಾಲೆಯ ಪಂಜು ಕೈಗಿಟ್ಟರು. ಅವಳು ಎರಡು ಹೆಜ್ಜೆ ಹಾಕಿದಳು. ಮೂರನೆಯದಕ್ಕೆ ಕಾಲು ಮಡಚಿಕೊಂಡು, ಅಷ್ಟೂ ಕ್ಯಾಮೆರಾಗಳ ಮುಂದೆ ಮುಗ್ಗರಿಸಿ ಬಿದ್ದಳು.

ಅತಿಥಿಗಳು ಮೈಕಿಗೆ ಬಗ್ಗಿ, “ನೋಡಿ, ನಮ್ಮ ಮಕ್ಕಳ ಪರಿಸ್ಥಿತಿ ಎಲ್ಲಿಗೆ ಬಂದಿದೆ” ಎಂದು ನಿಟ್ಟುಸಿರು ಬಿಟ್ಟರು.

ಮೇಷ್ಟ್ರು ಓಡಿದರು. ಹುಲ್ಲಿನ ಮೇಲೆ ಕೂತು ಅವಳ ಮೀನಖಂಡ ತಿಕ್ಕತೊಡಗಿದರು. ಅವಳು ಅಳುತ್ತಿರಲಿಲ್ಲ. ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಎಂದು ಮೆಲ್ಲಗೆ ಹೇಳಿ ಅವರ ಮುಖವನ್ನೇ ನೋಡಿದಳು. ಅಧಿಕಾರಿ ಬೆವರು ಒರೆಸಿಕೊಳ್ಳುತ್ತ ಬಂದು ಬಗ್ಗಿದರು.

“ಬೇಗ ಎಬ್ಬಿಸಿ. ಇನ್ನೊಂದ್ಸಲ ಓಡಿಸಿ.”

ನಾಲಿಗೆಯ ತುದಿಗೆ ಬಂದಿದ್ದ ‘ಆಯ್ತು’ ಅದ್ಯಾಕೋ ಅಲ್ಲೇ ನಿಂತಿತು.

“ಓಡಲ್ಲ ಸರ್” ಎಂದರು ಮೇಷ್ಟ್ರು. “ನಾಲ್ಕೂವರೆ ತಾಸು ಕೂರಿಸಿದೀವಿ. ಏಳ್ತೀನಿ ಅಂದ್ಲು, ನಾನೇ ಬಿಡಲಿಲ್ಲ.”

“ನಿಮ್ಮ ಹೆಸರು ಬರ್ಕೋತೀನಿ.”

“ಬರ್ಕೊಳ್ಳಿ.”

ಹಾಗೆಂದವರೇ ಎದ್ದು ನಿಂತು ಉದ್ದಕ್ಕೆ ಸೀಟಿ ಊದಿ, ಎಲ್ಲರೂ ಎದ್ದು ಕಾಲು ಕೊಡವಿಕೊಳ್ಳಿ ಎಂದು ಕೂಗಿದರು. ಆರುನೂರು ಮಕ್ಕಳು ಎದ್ದರು. ಜೋಮು ಹಿಡಿದ ಕಾಲು ನೆಲಕ್ಕೆ ತಾಗಿದೊಡನೆ ಯಾರೂ ನೆಟ್ಟಗೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಕೆಲವರು ಒಂಟಿಕಾಲಲ್ಲಿ ಕುಪ್ಪಳಿಸಿದರು, ಕೆಲವರು ನೆಲ ಒದ್ದರು, ಕೆಲವರು ಪಕ್ಕದವರ ಹೆಗಲು ಹಿಡಿದು ಕಾಲು ಜಾಡಿಸಿದರು. ಮೈದಾನಕ್ಕೆ ಮೈದಾನವೇ ಕುಣಿಯತೊಡಗಿತು. ಮುಖ್ಯೋಪಾಧ್ಯಾಯಿನಿ ಕಣ್ಣು ಮುಚ್ಚಿಕೊಂಡರು. ಅತಿಥಿಗಳು ಮಾತ್ರ ಇದು ಕಾರ್ಯಕ್ರಮದ ಮುಂದಿನ ಭಾಗವೆಂದೇ ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದನ್ನು ನೋಡಿ ವೇದಿಕೆಯೆಲ್ಲ ತಟ್ಟಿತು. ಕೊನೆಗೆ ಅಧಿಕಾರಿಯೂ ತಟ್ಟಬೇಕಾಯಿತು.

ಮರುದಿನದ ಪತ್ರಿಕೆಯಲ್ಲಿ ‘ಆರುನೂರು ಮಕ್ಕಳ ಸಾಮೂಹಿಕ ವ್ಯಾಯಾಮ’ ಎಂದು ದೊಡ್ಡ ಫೋಟೋ ಬಂತು. ವಾರದೊಳಗೆ ಮೇಷ್ಟ್ರಿಗೆ ಒಂದೇ ಕಚೇರಿಯಿಂದ, ಒಂದೇ ದಿನ, ಎರಡು ಪತ್ರ ಬಂದವು. ಅಧಿಕಾರಿಯೊಂದಿಗೆ ಉದ್ಧಟತನದಿಂದ ವರ್ತಿಸಿದ್ದಕ್ಕೆ ಕಾರಣ ಕೇಳಿ ಒಂದು. ಆ ವಿನೂತನ ವ್ಯಾಯಾಮವನ್ನು ರೂಪಿಸಿದ್ದಕ್ಕೆ ಮೆಚ್ಚಿ, ಅದನ್ನು ಶಾಲೆಯಲ್ಲಿ ದಿನವೂ ಒಂದು ತಾಸು ತಪ್ಪದೆ ಮುಂದುವರಿಸಬೇಕೆಂದು ಆದೇಶಿಸಿ ಇನ್ನೊಂದು.

ಮೊದಲನೆಯದಕ್ಕೆ ಮೇಷ್ಟ್ರು ನಡೆದದ್ದನ್ನು ನಡೆದ ಹಾಗೆ ಎರಡು ಪುಟ ಬರೆದು ಕಳಿಸಿದರು. ಅದನ್ನು ಯಾರೂ ಓದಿದಂತಿಲ್ಲ, ಉತ್ತರ ಬರಲಿಲ್ಲ. ಎರಡನೆಯದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಪರೀಕ್ಷೆ ಹತ್ತಿರ ಬಂತು, ನಿಮ್ಮ ಪೀರಿಯಡ್ಡು ಕೊಡಿ ಎಂದು ಯಾರಾದರೂ ಬಂದರೆ ತೆಗೆದು ತೋರಿಸುತ್ತಿದ್ದರು. ಮೇಲಿನವರ ಆದೇಶ, ನನ್ನ ಕೈಲಿ ಏನೂ ಇಲ್ಲ ಎಂದು ತುಂಬ ವಿನಯದಿಂದ ಹೇಳುತ್ತಿದ್ದರು. ಕಿರುಹೊತ್ತಗೆಗಳ ಕಟ್ಟುಗಳನ್ನು ಮಕ್ಕಳೇ ಸಾಲಾಗಿ ನಿಂತು ಕೈಯಿಂದ ಕೈಗೆ ಸಾಗಿಸಿ ಹೊರಗೆ ಹಾಕಿದರು. ಆಟದ ಲಾಭ ತಿಳಿಸುವ ಪುಸ್ತಕದಿಂದ ಮಕ್ಕಳಿಗೆ ಆದ ವ್ಯಾಯಾಮ ಅದೊಂದೇ.

ವೇದಿಕೆ ಕಿತ್ತ ಮೇಲೆ ಮೈದಾನದಲ್ಲಿ ಹದಿನೆಂಟು ಗುಂಡಿ ಉಳಿದಿದ್ದವು. ಅವನ್ನು ಮುಚ್ಚಲು ಯಾವ ಸುತ್ತೋಲೆಯೂ ಬರಲಿಲ್ಲವಾದ್ದರಿಂದ ಮೇಷ್ಟ್ರೇ ಸಲಿಕೆ ಹಿಡಿದರು. ಮೂರನೇ ಗುಂಡಿಗೆ ಮಣ್ಣು ಹಾಕುತ್ತಿದ್ದಾಗ ಪಾದರಸ ಬಂದು ನಿಂತಳು.

ಮೇಷ್ಟ್ರು ಸಲಿಕೆ ಊರಿ, “ಅವತ್ತು ನೀನು ಕೇಳಿದಾಗ್ಲೇ ನಾನು ಏಳಿಸ್ಬೇಕಿತ್ತು ಪುಟ್ಟಿ” ಎಂದರು.

ಅವಳು ಗುಂಡಿಯ ಅಗಲವನ್ನು ಕಣ್ಣಲ್ಲೇ ಅಳೆದಳು, ನಾಲ್ಕು ಹೆಜ್ಜೆ ಹಿಂದೆ ಹೋದಳು, ಓಡಿ ಬಂದು ಆಚೆ ಜಿಗಿದಳು. ಉಳಿದವನ್ನು ಎರಡು ದಿನ ಬಿಟ್ಟು ಮುಚ್ಚಿ ಎಂದು ಅಲ್ಲಿಂದಲೇ ಕೇಳಿಕೊಂಡು, ಮುಂದಿನ ಗುಂಡಿಯತ್ತ ಓಡಿದಳು. ಅವಳ ಹಿಂದೆ ಇನ್ನೂ ಏಳೆಂಟು ಮಕ್ಕಳು ಸಾಲು ಕಟ್ಟಿದರು. ಮೇಷ್ಟ್ರು ಸಲಿಕೆ ಪಕ್ಕಕ್ಕಿಟ್ಟರು.